ಹದಿಮೂರನೇ ಜೋಡಿ

ಹನ್ನೊಂದು ಹತ್ತಕ್ಕೆ ರವೀಂದ್ರ ನೋಟ್‌ಬುಕ್ಕಿನಲ್ಲಿ ‘ಹಿಡಿದಿದೆ’ ಎಂದು ಬರೆದ. ಪಕ್ಕದ ಅಂಕಣದಲ್ಲಿ ನೀರಿನ ಉಷ್ಣಾಂಶ ಬರೆದ, ಪೆನ್ನಿಗೆ ಕ್ಯಾಪು ಹಾಕಿದ, ಬರೆದದ್ದನ್ನು ಇನ್ನೊಮ್ಮೆ ಓದಿದ. ಅಕ್ಷರ ಗುಂಡಗಿತ್ತು. ಗೆರೆ ಬಿಟ್ಟು ಮೇಲೆ ಕೆಳಗೆ ಹೋಗದೆ, ಇಲಾಖೆಯ ರಿಜಿಸ್ಟರಿನಲ್ಲಿ ಇರುವ ಹಾಗೆಯೇ ಇತ್ತು. ಗೊರೂರು ಅಣೆಕಟ್ಟೆಯಲ್ಲಿ ಅವನು ಹದಿನಾಲ್ಕು ವರ್ಷದಿಂದ ಗೇಜ್ ರೀಡರ್. ನೀರಿನ ಮಟ್ಟವನ್ನು ಅಡಿ ಮತ್ತು ಅಡಿಯ ನೂರನೇ ಒಂದು ಭಾಗದವರೆಗೆ ಓದಿ ಬರೆಯುವುದು ಅವನ ಕೆಲಸ. ಕೆಲವರು ಸೂರಿನ ಕೆಳಗೆ ಕೂತುಕೊಂಡೇ ಹಿಂದಿನ ಅಂಕಿಗೆ ಒಂದಿಷ್ಟು ಸೇರಿಸಿಯೋ ಕಳೆದೋ ಬರೆಯುತ್ತಾರೆಂದು ಅವನಿಗೆ ಗೊತ್ತಿತ್ತು. ಅವನು ಒಂದು ಸಲವೂ ಹಾಗೆ ಬರೆದವನಲ್ಲ. ಒಳಹರಿವು ಗಂಟೆಗಂಟೆಗೂ ಏರುತ್ತಿದ್ದ ಒಂದು ಆಗಸ್ಟ್‌ನಲ್ಲಿ, ಕೊಡೆ ತಿರುಗಿಬಿದ್ದು ಮೈಯೆಲ್ಲ ತೊಯ್ದರೂ ಪ್ರತಿ ಗಂಟೆಗೂ ಮೆಟ್ಟಿಲಿಳಿದು ಅಳತೆಪಟ್ಟಿಯ ಮುಂದೆ ನಿಂತು ಓದಿದ್ದ. ಎಂಜಿನಿಯರು ಆ ಪುಟದ ಮೇಲೆ ಬೆರಳಿಟ್ಟು ‘ಇದು ನೋಡ್ರಿ ರೀಡಿಂಗು ಅಂದ್ರೆ’ ಎಂದಿದ್ದರು. ಆ ಮಾತನ್ನು ಅವನು ಹೆಂಡತಿ ಬಿಂದುಶ್ರೀಗೆ ಬಿಟ್ಟು ಯಾರಿಗೂ ಹೇಳಿಕೊಂಡಿರಲಿಲ್ಲ. ಅವಳಿಗೆ ನಾಲ್ಕೈದು ಸಲ ಹೇಳಿದ್ದ.

ಇವತ್ತು ಅವನು ರಜೆ ಹಾಕಿ ಕ್ವಾರ್ಟರ್ಸಿನ ಹಿಂದಿನ ಕೋಣೆಯಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದ. ಎದುರಿಗೆ ನೀಲಿ ಟಬ್ಬು, ಅದರಲ್ಲಿ ಮಂಗಳೂರಿನಾಚೆಯ ಬಂಡೆಗಳ ಹತ್ತಿರದಿಂದ ಕ್ಯಾನುಗಳಲ್ಲಿ ತಂದ ಸಮುದ್ರದ ನೀರು, ತಳದಲ್ಲಿ ಮರಳು, ಒಂದು ಒಡೆದ ಹೆಂಚು, ಗುಳುಗುಳು ಎನ್ನುವ ಗಾಳಿಯ ಪಂಪು. ಹೆಂಚಿನ ಪಕ್ಕದಲ್ಲಿ ಎರಡು ಏಡಿ. ಮೇಲಿನದು ಗಂಡು, ಅದರ ಕಾಲುಗಳ ಗೂಡಿನೊಳಗೆ ಹೆಣ್ಣು. ಬಿಂದು ನಾಲ್ಕು ವರ್ಷದಿಂದ ಪಿಎಚ್‌ಡಿ ಮಾಡುತ್ತಿದ್ದದ್ದು ಇದರ ಮೇಲೆಯೇ. ಕಡಲ ದಡದ ಈ ಜಾತಿಯ ಹೆಣ್ಣು ಚಿಪ್ಪು ಕಳಚುವ ಕಾಲ ಹತ್ತಿರವಾದಾಗ ಗಂಡು ಅದನ್ನು ಹೊಟ್ಟೆಯ ಕೆಳಗೆ ಅವಚಿಕೊಂಡು ದಿನಗಟ್ಟಲೆ ತಿರುಗುತ್ತದೆ, ಅದು ಚಿಪ್ಪು ಕಳಚಿ ಮೆತ್ತಗಾದಾಗ ಕೂಡುತ್ತದೆ, ಕೂಡಿದ ಮೇಲೂ ಒಂದಷ್ಟು ಹೊತ್ತು ಬಿಡದೆ ಹಿಡಿದಿರುತ್ತದೆ. ಎಷ್ಟು ಹೊತ್ತು ಎನ್ನುವುದು ಅವಳ ಪ್ರಶ್ನೆ. ಜಾಲರಿಯಾಚೆ ಇನ್ನೊಂದು ಗಂಡು ಕಾಣುವ ಹಾಗೆ ಏಳು ಜೋಡಿ, ಕಾಣದ ಹಾಗೆ, ಹೋಲಿಕೆಗೆಂದು ಇಟ್ಟ ‘ಕಂಟ್ರೋಲ್ ಗ್ರೂಪು’, ಆರು ಜೋಡಿ. ಈ ಟಬ್ಬಿನಲ್ಲಿ ಜಾಲರಿಯಿಲ್ಲ, ಬೇರೆ ಗಂಡಿಲ್ಲ. ಇದು ಹದಿಮೂರನೆಯದು, ಕೊನೆಯದು. ಬೆಳಿಗ್ಗೆ ಏಳು ಇಪ್ಪತ್ತಕ್ಕೆ, ಅವಳು ಬಸ್ಸಿಗೆ ಹೊರಟು ತಲೆ ಬಾಚುತ್ತಿದ್ದಾಗಲೇ ಹೆಣ್ಣು ಚಿಪ್ಪು ಕಳಚಿತ್ತು. ಹೋಗದಿರುವ ಹಾಗಿರಲಿಲ್ಲ. ಮಾರ್ಗದರ್ಶಕಿ ದೀಪಶ್ರೀ ಮೇಡಂ ಅವಧಿ ವಿಸ್ತರಣೆಯ ಅರ್ಜಿಗೆ ಸಹಿ ಹಾಕುವುದು ಇವತ್ತೇ, ಅದನ್ನು ಕಚೇರಿಗೆ ಕೊಡುವ ಕೊನೆಯ ದಿನವೂ ಇವತ್ತೇ. ಬಾಚಣಿಗೆ ಕೈಯಲ್ಲಿ ಹಿಡಿದುಕೊಂಡೇ ಅವಳು ಟಬ್ಬನ್ನೂ ಅವನನ್ನೂ ನೋಡಿದಳು. ‘ಅರ್ಧ ಗಂಟೆಗೊಂದು ಸಲ ನೋಡಿ ಬರೀರಿ. ನಿಮ್ಮಷ್ಟು ಸರಿಯಾಗಿ ಬರೆಯೋರು ನಮ್ಮ ಡಿಪಾರ್ಟ್‌ಮೆಂಟಲ್ಲೂ ಇಲ್ಲ’ ಎಂದಳು. ಆ ಮಾತು ಇನ್ನೂ ಅವನ ಎದೆಯಲ್ಲಿ ಬಿಸಿಯಾಗಿತ್ತು.

ಅಂಕಣದ ತಲೆಯ ಮೇಲೆ ಅವನು ಮೊದಲು ‘ಕಾಯುತ್ತಿದೆ’ ಎಂದು ಬರೆದಿದ್ದ. ಅವಳು ಅದನ್ನು ಹೊಡೆದು ಹಾಕಿಸಿದ್ದಳು. ‘ಕಾಯೋದು ಅಂದ್ರೆ ಎರಡರ್ಥ ಬರುತ್ತೆ ರೀ. ಬಸ್ ಕಾಯೋದೂ ಅದೇ, ಬೆಳೆ ಕಾಯೋದೂ ಅದೇ. ಅದರ ಮನಸ್ಸಲ್ಲಿ ಏನಿದೆ ಅಂತ ನಮಗೇನು ಗೊತ್ತು? ಹಿಡಿದಿದೆ, ಬಿಟ್ಟಿದೆ. ಕಂಡದ್ದು ಮಾತ್ರ.’ ಅವನು ಒಪ್ಪಿದ್ದ. ಆದರೆ ಸ್ಟೂಲಿನ ಮೇಲೆ ಕೂತವನಿಗೆ ಕಂಡದ್ದು ಕಾವಲೇ. ನಾಲ್ಕು ದಿನದಿಂದ ಈ ಗಂಡು ಹೆಣ್ಣನ್ನು ಅವಚಿಕೊಂಡಿತ್ತು. ಮೂತಿಯ ಮುಂದೆ ಬೂತಾಯಿ ಮೀನಿನ ತುಂಡು ಇಟ್ಟರೂ ಮುಟ್ಟಿರಲಿಲ್ಲ. ಅವನು ಟಬ್ಬಿನ ಮೇಲೆ ಬಗ್ಗಿದರೆ ಮೈ ತಿರುಗಿಸಿ ಹೆಣ್ಣನ್ನು ಹಿಂದಕ್ಕೆ ಮಾಡಿ ಇಕ್ಕಳದಂಥ ಕೊಂಬೆತ್ತುತ್ತಿತ್ತು. ಬೆಳಿಗ್ಗೆ ಹೆಣ್ಣು ಹಳೇ ಚಿಪ್ಪಿನಿಂದ ಹಿಂದುಹಿಂದಕ್ಕೆ ಸರಿದು ಹೊರಬರುವಾಗ, ಅವಸರ ಮಾಡದೆ, ಕಾಲುಗಳನ್ನು ಚಪ್ಪರದ ಹಾಗೆ ಅಗಲಿಸಿ ಮೇಲೆ ನಿಂತಿತ್ತು. ಎಂಟು ಮೂವತ್ತೈದಕ್ಕೆ ಅದನ್ನು ಮೆಲ್ಲಗೆ ಮಗುಚಿ ಹೊಟ್ಟೆಗೆ ಹೊಟ್ಟೆ ಸೇರಿಸಿದಾಗ ರವೀಂದ್ರ ಸಮಯ ಬರೆದು ಸುಮ್ಮನೆ ಗೋಡೆಯ ಕಡೆ ನೋಡಿದ್ದ. ಹತ್ತು ಐವತ್ತಕ್ಕೆ ಮುಗಿದಿತ್ತು. ಆಮೇಲೂ ಬಿಟ್ಟಿರಲಿಲ್ಲ. ಭಲೆ, ಎಂದುಕೊಂಡಿದ್ದ. ಯಾರೂ ಇಲ್ಲದ ಟಬ್ಬಿನಲ್ಲಿ, ಯಾರ ಭಯವೂ ಇಲ್ಲದೆ, ಸುಮ್ಮನೆ ಹಿಡಿದುಕೊಂಡಿದ್ದ ಆ ಪ್ರಾಣಿಯ ಬಗ್ಗೆ ಅವನಿಗೆ ತನ್ನ ಕಡೆಯವನ ಬಗ್ಗೆ ಇರುವಂಥ ಅಭಿಮಾನ ಹುಟ್ಟಿತ್ತು.

ಯಾಕೆಂದರೆ ಬಿಂದು ಹಿಂದಿನ ವಾರ ಊಟಕ್ಕೆ ಕೂತಾಗ, ಮುದ್ದೆ ಮುರಿಯುತ್ತ, ತೀರಾ ಸಾಮಾನ್ಯ ವಿಷಯದ ಹಾಗೆ ಹೇಳಿದ್ದಳು. ಎದುರಾಳಿ ಕಾಣುವ ಏಳೂ ಜೋಡಿಯಲ್ಲಿ ಗಂಡು ಇಡೀ ಒಂದು ದಿನಕ್ಕಿಂತ ಹೆಚ್ಚು ಹಿಡಿದಿತ್ತು. ಕಾಣದ ಐದೂ ಜೋಡಿಯಲ್ಲಿ ಮೂರು ಗಂಟೆಯೊಳಗೇ ಬಿಟ್ಟಿತ್ತು. ‘ಅಂದ್ರೆ ಅದು ಹೆಣ್ಣನ್ನ ಕಾಯೋದಲ್ಲ ರೀ. ಬೇರೆ ಗಂಡನ್ನ ಕಾಯೋದು.’ ಅವನು ಬಾಯಲ್ಲಿದ್ದ ತುತ್ತು ನುಂಗಿ ‘ಐದು ನೋಡಿ ಹಂಗೆ ಹೇಳ್ಬಾರ್ದು’ ಎಂದಿದ್ದ. ‘ಅದಕ್ಕೇ ಆರನೇದು ಬೇಕು’ ಎಂದು ಅವಳು ನಕ್ಕಿದ್ದಳು. ಆ ನಗು ಯಾವುದರದ್ದೆಂದು ಅವನು ಆಮೇಲೆ ಬಹಳ ಹೊತ್ತು ಯೋಚಿಸಿದ್ದ. ಅವಳನ್ನು ದಿನಾ ಬೈಕಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಡುವವನು ಅವನು. ಬಸ್ಸು ತಿರುವು ದಾಟುವವರೆಗೂ ನಿಲ್ಲುವವನು. ಹಾಸನದ ಕೆಲಸವಿದ್ದರೆ ಆದಷ್ಟೂ ಜೊತೆಗೇ ಹೋಗಿ, ಡಿಪಾರ್ಟ್‌ಮೆಂಟಿನ ಹೊರಗಿನ ಬೆಂಚಿನಲ್ಲಿ ಪೇಪರು ಓದುತ್ತ ಕೂರುವವನು. ಒಂದು ದಿನ ಕಿಟಕಿಯ ಒಳಗಿಂದ ದೀಪಶ್ರೀ ಮೇಡಂ ‘ಬಿಂದು, ನಿನ್ನ ಕಂಟ್ರೋಲ್ ಗ್ರೂಪು ಹೊರಗಡೆ ಕೂತಿದೆಯಲ್ಲ’ ಎಂದದ್ದು, ಹುಡುಗಿಯರೆಲ್ಲ ನಕ್ಕದ್ದು ಕೇಳಿಸಿತ್ತು. ಬಿಂದುವೂ ಅರ್ಧ ಕ್ಷಣ ನಕ್ಕಿದ್ದಳು. ಅವನು ಪೇಪರಿನಲ್ಲಿ ಒಂದೇ ಸಾಲನ್ನು ಮೂರು ಸಲ ಓದಿದ್ದ. ಕಡಲಿಗೆ ಹೋದಾಗಲೂ ಅಷ್ಟೇ. ಇಳಿತದ ಹೊತ್ತಿನಲ್ಲಿ ಅವಳು ಸೀರೆ ಎತ್ತಿಕಟ್ಟಿ ಬಂಡೆಯ ಸಂದಿನ ನೀರಿನಲ್ಲಿ ಬಗ್ಗಿದರೆ, ಅವನು ಅವಳ ಚಪ್ಪಲಿ, ಚೀಲ, ಛತ್ರಿ ಹಿಡಿದು ಮೇಲೆ ನಿಲ್ಲುತ್ತಿದ್ದ. ಕಪ್ಪೆಚಿಪ್ಪು ಆರಿಸುತ್ತಿದ್ದ ಒಬ್ಬ ಹೆಂಗಸು ಅವನನ್ನು ಮೇಲಿಂದ ಕೆಳಗೆ ನೋಡಿ ‘ನಿಮ್ಮದೆಂತದು ಮಾರಾಯ್ರೆ, ಚಪ್ಪಲಿ ಕಾಯುವ ಕೆಲಸವಾ?’ ಎಂದು ಕೇಳಿದ್ದಳು. ಆಗ ಅವನಿಗೆ ಬೇಜಾರಾಗಿರಲಿಲ್ಲ. ಹೆಂಡತಿಯ ವಿದ್ಯೆಗೆ ಬಿಸಿಲಲ್ಲಿ ನಿಲ್ಲುವ ಗಂಡ ಎಷ್ಟು ಜನ ಇದ್ದಾರೆ ಎಂದು ಹೆಮ್ಮೆಯೇ ಆಗಿತ್ತು. ಅವನ ಊರು ಕಟ್ಟಾಯದಲ್ಲಿ ಓರಗೆಯವರು ಹೆಂಡತಿಯನ್ನು ಹತ್ತನೇ ಕ್ಲಾಸಿನ ಆಚೆ ಓದಿಸಿದ್ದೇ ದೊಡ್ಡದಾಗಿ ಹೇಳಿಕೊಳ್ಳುತ್ತಾರೆ. ಅವನು ಡಾಕ್ಟರೇಟ್ ಮಾಡಿಸುತ್ತಿದ್ದ. ‘ಮಾಡಿಸೋದು ಅಂದ್ರೇನು, ಅವಳೇ ಮಾಡ್ತಿರೋದಲ್ವಾ’ ಎಂದು ಅವಳ ತಂಗಿ ಕವನಾ ಒಂದು ಸಲ ಅಂದಿದ್ದಳು. ಅವಳು ಅರಕಲಗೂಡಿನ ಹುಡುಗಿ, ಬಾಯಿ ಜೋರು.

ಹನ್ನೊಂದು ನಲವತ್ತಕ್ಕೆ ‘ಹಿಡಿದಿದೆ’ ಬರೆಯುವಾಗ ಹಿತ್ತಲ ಬಾಗಿಲಲ್ಲಿ ಮರಿಯಣ್ಣನ ಕೆಮ್ಮು ಕೇಳಿಸಿತು. ಕಾಲುವೆಗೆ ನೀರು ಬಿಡುವ ಸೌಡಿ ಅವನು. ಇನ್ನಾರು ತಿಂಗಳಿಗೆ ನಿವೃತ್ತಿ. ಅಣೆಕಟ್ಟೆಯ ಮೇಲೆ ರವೀಂದ್ರನಿಗಿಂತ ಹಳಬ.

‘ಏನ್ ಸಾ, ರಜಾ ಆಕ್ಬುಟ್ಟು ಏಡಿ ಕಾಯ್ತಾ ಕುಂತಿದೀರಂತೆ. ಆಪೀಸ್ನಾಗೆ ಎಲ್ಲಾ ನಗ್ತಾವ್ರೆ.’

‘ನಗ್ಲಿ ಬಿಡು ಮರಿಯಣ್ಣ.’

‘ಅನ್ನೆಲ್ಡು ಗಂಟೆ ಗೇಜು ಯಾರ್ ನೋಡ್ಬೇಕು ಅಂತ ಕೇಳ್ಕಂಡ್ ಬಾ ಅಂದ್ರು.’

‘ನೀನೇ ನೋಡು. ಇಳಿದು ಹೋಗಿ ನೋಡೇ ಬರಿ. ಬೆಳಿಗ್ಗೇದಕ್ಕೆ ಎರಡು ಕಮ್ಮಿ ಮಾಡಿ ಬರೆದುಬಿಡಬೇಡ.’

‘ನಾನ್ಯಾಕ್ ಅಂಗ್ ಮಾಡಾನೆ’ ಎಂದು ಮರಿಯಣ್ಣ ಹಾಗೆ ಮಾಡುವವನ ಮುಖ ಮಾಡಿಕೊಂಡ. ಮಂಡಿಯ ಮೇಲೆ ಕೈಯೂರಿ ಟಬ್ಬಿಗೆ ಬಗ್ಗಿದ. ‘ಇದೇನ್ ಸಾ, ಒಂದರ ಮ್ಯಾಲ್ ಒಂದು.’

‘ಕೆಳಗಿರೋದು ಹೆಣ್ಣು. ಬೆಳಿಗ್ಗೆ ಚಿಪ್ಪು ಕಳಚಿದೆ. ಈಗ ಮೈ ಮೆತ್ತಗೆ ಬೆಣ್ಣೆ ಥರ ಇರುತ್ತೆ.’

‘ಓ, ಬಾಣಂತಿ ಅನ್ನಿ. ನಮ್ ಗದ್ದೆ ಕಡೆ ಮೆತ್ತಗಿರೋ ಏಡೀನ ಬಾಣಂತಿ ಅಂತೀವಿ. ಸಿಕ್ರೂ ಇಡಿಯಾಕಿಲ್ಲ. ಗೊತ್ತಿಲ್ದೆ ಬುಟ್ಟೀಗ್ ಬಿದ್ರೆ ನಮ್ಮವ್ವ ತಗ್ದು ನೀರ್ಗೆ ಬುಡೋಳು. ಆದ್ರೆ ಬಾಣಂತೀಗೆ ಗಂಡ ಕಾವ್ಲಿರೋದ ನಾ ಕಾಣೆ ಸಾ. ಅದು ಬಿಲ್ದಾಗೆ ಒಂದೇ ಕುಂತಿರ್ತದೆ.’

‘ಇದು ಸಮುದ್ರದ್ದು. ಬೇರೆ ಜಾತಿ.’

‘ಬೋ ಒಳ್ಳೇ ಜಾತಿ. ನಿಮ್ಮಂಗೆ.’ ಮರಿಯಣ್ಣ ಹಲ್ಲು ಬಿಟ್ಟ. ‘ಎಷ್ಟೊತ್ತು ಇಂಗೇ ಕುಂತಿರ್ತಾನೆ?’

‘ಅದನ್ನೇ ನೋಡ್ತಿರೋದು.’

‘ಅವ್ನಿಗೇನು ಆಪೀಸಾ, ಮನೆಯಾ’ ಎಂದು ಎದ್ದು, ಸೊಂಟ ನೆಟ್ಟಗೆ ಮಾಡಿಕೊಂಡು ಹೋದ.

ರವೀಂದ್ರನಿಗೆ ‘ನಿಮ್ಮಂಗೆ’ ಎಂದದ್ದು ಚುಚ್ಚಬೇಕಿತ್ತು, ಚುಚ್ಚಲಿಲ್ಲ. ಹನ್ನೆರಡು ಹತ್ತಕ್ಕೂ ‘ಹಿಡಿದಿದೆ’ ಎಂದು ಬರೆದ. ಗಂಡಿನ ಕಣ್ಣುಗಳು ಎರಡು ಸಣ್ಣ ಕಡ್ಡಿಗಳ ತುದಿಯಲ್ಲಿ ಸ್ಥಿರವಾಗಿ ನಿಂತಿದ್ದವು. ಅವನ ಅಪ್ಪ ನಂಜಪ್ಪನದೂ ಅಂಥದೇ ನಿಲುವು. ಕಟ್ಟಾಯದ ಬಸ್‌ಸ್ಟಾಪಿನಲ್ಲಿ ಅವ್ವ ತವರಿಗೆ ಹೊರಟರೆ ಅಪ್ಪ ಬಸ್ಸಿನೊಳಗೆ ಹತ್ತಿ, ಕಿಟಕಿಯ ಪಕ್ಕ ಕೂರಿಸಿ, ಪಕ್ಕದಲ್ಲಿ ಹೆಂಗಸು ಕೂತ ಮೇಲೆ ಇಳಿಯುತ್ತಿದ್ದ. ಹಾಗೆ ಹೋಗುತ್ತಿದ್ದದ್ದು ವರ್ಷಕ್ಕೆ ಎರಡು ಸಲ. ನಂಜಪ್ಪನ ಮನೆ ಹೆಂಗಸರು ಒಬ್ಬೊಬ್ಬರೇ ತಿರುಗುವವರಲ್ಲ ಎಂದು ಊರು ಹೇಳುತ್ತಿತ್ತು. ಅದು ಮನೆಯ ಹೆಂಚು, ಪಂಪ್‌ಸೆಟ್ಟು, ಜೋಡಿ ಎತ್ತುಗಳ ಸಾಲಿಗೆ ಸೇರಿದ ಹೆಗ್ಗಳಿಕೆ. ಅವ್ವ ಬಸ್ಸಿನಲ್ಲಿ ಕೂತು ಯಾವತ್ತೂ ಹಿಂತಿರುಗಿ ನೋಡಿದ್ದು ಅವನಿಗೆ ನೆನಪಿಲ್ಲ. ತವರಿಂದ ವಾಪಸು ಬಂದಾಗ ಅವಳ ದನಿ ಎರಡು ದಿನ ಸ್ವಲ್ಪ ದೊಡ್ಡದಾಗಿರುತ್ತಿತ್ತು, ಆಮೇಲೆ ಎಂದಿನ ಅಳತೆಗೆ ಇಳಿಯುತ್ತಿತ್ತು. ಅಣೆಕಟ್ಟೆಯ ಕೆಲಸಕ್ಕೆ ಸೇರುವ ಮೊದಲೇ ತಾನು ಮಟ್ಟ ಓದುತ್ತಿದ್ದೆ ಎಂದು ಈಗ ಹೊಳೆದು, ಆ ಯೋಚನೆ ಎಲ್ಲಿಗೆ ಹೋಗುತ್ತದೆಂದು ನೋಡುವ ಮೊದಲು ಫೋನು ಬಂತು. ಅವ್ವನೇ. ಕೋಣೆಯಲ್ಲಿ ಸಿಗ್ನಲ್ ಸಿಗದೆ ಅವನು ಹಿತ್ತಲಿಗೆ ಹೋದ.

‘ಎಲ್ಲಿದ್ದೀಯಲಾ?’

‘ಮನೇಲಿ ಕಣವ್ವ. ರಜ.’

‘ಮೈ ಉಸಾರಿಲ್ವ?’

‘ಚೆನ್ನಾಗಿದೀನಿ. ಬಿಂದುದು ಒಂದ್ ಕೆಲಸ ಇತ್ತು, ನೋಡ್ಕತಾ ಇದೀನಿ.’

‘ಅವ್ಳೆಲ್ಲಿ?’

‘ಹಾಸನಕ್ಕೆ ಹೋಗವ್ಳೆ.’

‘ಒಬ್ಳೇನಾ?’

‘ಹೂಂ.’

ಅವ್ವ ‘ನೀನ್ ಏನ್ ಮಾಡ್ತಿದ್ದೀಯ’ ಎಂದಳು.

‘ಏಡಿ ನೋಡ್ಕತಾ ಇದೀನಿ.’

‘ಎಂಡ್ತೀನ ಬುಟ್ಟು ಏಡಿ ಕಾಯ್ತಿದ್ದೀಯಾ.’ ಅವಳು ನಕ್ಕಳು. ‘ನಿಮ್ಮಪ್ಪುಂಗೆ ಯೋಳ್ತೀನಿ ತಡಿ. ಆಗ್ಲಿ ಬುಡು, ಬದ್ಕಂಡ್ಲು ನನ್ ಸೊಸೆ.’

ಬದುಕಿಕೊಂಡಳು ಎಂದರೆ ಏನು ಎಂದು ಅವನು ಕೇಳಲಿಲ್ಲ. ಫೋನು ಇಟ್ಟು ಒಳಗೆ ಬಂದಾಗ ಗೋಡೆಯ ಗಡಿಯಾರದಲ್ಲಿ ಹನ್ನೆರಡು ನಲವತ್ತು. ಟಬ್ಬಿನಲ್ಲಿ ಹೆಣ್ಣು ಮರಳಿನ ಮೇಲೆ ಒಂದೇ ಇತ್ತು. ಗಂಡು ಆಚೆ ಮೂಲೆಯಲ್ಲಿ ಬೂತಾಯಿ ತುಂಡನ್ನು ಎರಡು ಕೊಂಬಿನಲ್ಲೂ ಹಿಡಿದು ತಿನ್ನುತ್ತಿತ್ತು.

ಅವನು ಸ್ಟೂಲಿನ ಮೇಲೆ ಕೂತ. ಬಿಟ್ಟದ್ದಕ್ಕಿಂತ ತಿನ್ನುತ್ತಿದ್ದದ್ದು ಅವನನ್ನು ಕೆರಳಿಸಿತು. ನಾಲ್ಕು ದಿನ ಮುಟ್ಟದ ತುಂಡನ್ನು, ಅದಕ್ಕಾಗಿಯೇ ಇಷ್ಟು ದಿನ ಇದ್ದವನ ಹಾಗೆ, ಬಾಯಿಯ ಸಣ್ಣ ಸಣ್ಣ ಕೈಗಳೆಲ್ಲ ಸೇರಿ ಒಳಕ್ಕೆ ತಳ್ಳುತ್ತಿದ್ದವು. ಅವನು ಸ್ಕೇಲು ತೆಗೆದುಕೊಂಡು ಗಂಡಿನ ಬೆನ್ನನ್ನು ಮೆಲ್ಲಗೆ ಹೆಣ್ಣಿನ ಕಡೆಗೆ ತಳ್ಳಿದ. ಮಾಡಬಾರದ್ದು ಅದು. ಬಿಂದು ಹದಿಮೂರು ಜೋಡಿಗೂ ಹದಿಮೂರು ಸಲ ಹೇಳಿದ್ದಳು: ನೋಡಿ ಬರೆಯುವ ಹೊತ್ತಿನಲ್ಲಿ ನೀರಿಗೆ ಏನೂ ಹಾಕಬಾರದು, ಏನೂ ಮುಟ್ಟಿಸಬಾರದು. ಗಂಡು ಮೀನು ಬಿಡದೆ ಒಂದು ಕೊಂಬಿನಿಂದ ಸ್ಕೇಲನ್ನು ಕಚ್ಚಿ ಹಿಡಿಯಿತು. ಎಳೆದರೂ ಬಿಡಲಿಲ್ಲ. ಮೂವತ್ತೆಂಟು ವರ್ಷದ ಸರ್ಕಾರಿ ನೌಕರ ಒಂದು ಪ್ಲಾಸ್ಟಿಕ್ ಸ್ಕೇಲಿನ ಈ ತುದಿಯಲ್ಲಿ, ಅದು ಆ ತುದಿಯಲ್ಲಿ. ಕೊನೆಗೆ ಅದೇ ಬೇಸತ್ತು ಬಿಟ್ಟಿತು. ಅವನು ಸ್ಕೇಲು ಒರೆಸಿ, ನೋಟ್‌ಬುಕ್ಕು ತೆರೆದು, ‘12.40’ ಎಂದು ಬರೆದು, ಪಕ್ಕದಲ್ಲಿ ‘ಹಿಡಿದಿದೆ’ ಎಂದು ಬರೆದ.

ಅದೇ ಅಕ್ಷರ, ಅದೇ ಗುಂಡು. ಸುಳ್ಳು ಬರೆಯುವವರ ಅಕ್ಷರ ಬೇರೆ ಇರುತ್ತದೆಂದು ಅವನು ಹದಿನಾಲ್ಕು ವರ್ಷ ನಂಬಿದ್ದ. ಬೇರೆಯವರ ರಿಜಿಸ್ಟರು ನೋಡಿ ಇದು ಕೂತು ಬರೆದದ್ದು, ಇದು ಇಳಿದು ಬರೆದದ್ದು ಎಂದು ಹೇಳಬಲ್ಲೆ ಎಂದು ಕ್ಯಾಂಟೀನಿನಲ್ಲಿ ಹೇಳಿಯೂ ಇದ್ದ. ಹೊಡೆದು ಹಾಕಿ ಬರೆಯಬಹುದಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಅದೇ ಹೋಗಿ ಹಿಡಿದುಕೊಳ್ಳುತ್ತದೆ, ಆಗ ಇದು ಸುಳ್ಳಾಗುವುದಿಲ್ಲ, ನಡುವೆ ಎರಡು ನಿಮಿಷ ಊಟಕ್ಕೆ ಎದ್ದ ಹಾಗೆ, ಎಂದುಕೊಂಡ. ಒಂದು ಹತ್ತಕ್ಕೆ ಗಂಡು ಮೂಲೆಯಲ್ಲೇ ಇತ್ತು. ‘ಹಿಡಿದಿದೆ’. ಒಂದು ನಲವತ್ತಕ್ಕೆ ಮರಳಿನಲ್ಲಿ ಅರ್ಧ ಹೂತುಕೊಂಡಿತ್ತು. ‘ಹಿಡಿದಿದೆ’. ಉಷ್ಣಾಂಶವನ್ನು ಮಾತ್ರ ಪ್ರತಿ ಸಲವೂ ಥರ್ಮಾಮೀಟರನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಸರಿಯಾಗಿ ಓದಿದ. ಊಟ ಮಾಡಲಿಲ್ಲ. ಎರಡೂವರೆಗೆ ಹೆಣ್ಣು ಚಲಿಸಿತು. ಅದರ ಕಾಲುಗಳು ಮೆತ್ತಗಿದ್ದು ಮೈಯ ಭಾರಕ್ಕೆ ಬಾಗುತ್ತಿದ್ದವು. ಎರಡು ಹೆಜ್ಜೆ ಇಟ್ಟು ನಿಂತು, ಮತ್ತೆ ಎರಡು ಹೆಜ್ಜೆ ಇಟ್ಟು, ಹೆಂಚಿನವರೆಗೆ ಹೋಯಿತು. ಅವನು ಸ್ಟೂಲಿನ ತುದಿಗೆ ಬಂದಿದ್ದ. ಯಾರೂ ಏನೂ ಮಾಡಲಿಲ್ಲ. ಗಂಡು ಕಣ್ಣೆತ್ತಲಿಲ್ಲ. ಹೆಣ್ಣು ಹೆಂಚಿನ ಕೆಳಗೆ ಮೈ ತೂರಿಸಿ, ಒಳಗಿನಿಂದ ಒಂದು ಕಾಲಿನಲ್ಲಿ ಮರಳನ್ನು ಬಾಗಿಲಿಗೆ ಎಳೆದುಕೊಂಡು, ಸುಮ್ಮನಾಯಿತು. ಅವನಿಗೆ ಏನೋ ಕೇಳಬೇಕೆನಿಸಿತು. ಇಷ್ಟೆಲ್ಲ ನಿನಗೇ ಬರುತ್ತಿದ್ದರೆ ನಾಲ್ಕು ದಿನ ಅವನ ಹೊಟ್ಟೆಯ ಕೆಳಗೆ ಯಾಕಿದ್ದೆ ಎಂದೋ, ಅವನು ಬಿಟ್ಟದ್ದು ಗೊತ್ತಾಯಿತೇ ಎಂದೋ. ಬಿಂದು ಈಗ ಹಾಸನದಲ್ಲಿ ಊಟ ಮುಗಿಸಿರುತ್ತಾಳೆ. ಅವನಿಲ್ಲದ ದಿನ ಅವಳು ಎಲ್ಲಿ ಊಟ ಮಾಡುತ್ತಾಳೆಂದು ಅವನಿಗೆ ಗೊತ್ತಿರಲಿಲ್ಲ. ಅವನು ಜೊತೆಗಿದ್ದರೆ ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲು. ಅವಳಿಗೆ ಅಲ್ಲಿಯ ಸಾಂಬಾರು ಸೇರುವುದಿಲ್ಲ ಎಂಬುದು ಮದುವೆಯಾದ ಒಂಬತ್ತನೇ ವರ್ಷದಲ್ಲಿ ಅವಳು ಇನ್ನಾರಿಗೋ ಹೇಳುವಾಗ ಅವನ ಕಿವಿಗೆ ಬಿದ್ದಿತ್ತು.

ಐದು ಹತ್ತರವರೆಗೆ ಅವನು ಹತ್ತು ಸಲ ‘ಹಿಡಿದಿದೆ’ ಎಂದು ಬರೆದ. ಅವಳ ಬಸ್ಸು ಬರುವ ಹೊತ್ತಾಗಿತ್ತು. ಒಳಗೆ ಬಂದವಳಿಗೆ ಕಾಣಲೇಬೇಕಲ್ಲ. ಐದು ನಲವತ್ತಕ್ಕೆ ‘ಬಿಟ್ಟಿದೆ’ ಎಂದು ಬರೆದ. ಅದು ನಿಜ. ಐದು ಗಂಟೆ ತಡವಾದ ನಿಜ.

ಬಿಂದು ಬಂದಾಗ ಆರಕ್ಕೆ ಐದು ನಿಮಿಷ. ನಡೆದೇ ಬಂದಿದ್ದಳು. ಚಪ್ಪಲಿ ಬಿಟ್ಟು, ಚೀಲ ಹೆಗಲಲ್ಲಿರುವಾಗಲೇ ಹಿಂದಿನ ಕೋಣೆಗೆ ಬಂದಳು. ‘ಸಹಿ ಆಯ್ತು. ಮೂರು ತಿಂಗಳು ಕೊಟ್ರು’ ಎನ್ನುತ್ತ ಟಬ್ಬಿನೊಳಗೆ ನೋಡಿ, ನೋಟ್‌ಬುಕ್ಕು ಎತ್ತಿಕೊಂಡಳು. ಬೆರಳು ಅಂಕಣದುದ್ದಕ್ಕೂ ಇಳಿಯಿತು. ಕೊನೆಯಲ್ಲಿ ನಿಂತಿತು. ಮತ್ತೆ ಮೇಲಕ್ಕೆ ಹೋಯಿತು.

‘ಆರು ಗಂಟೆ ಐವತ್ತು ನಿಮಿಷ?’

‘ಹೂಂ.’

‘ಬೇರೆ ಗಂಡು ಇಲ್ಲದೇನೆ?’

ಅವನು ಪಂಪಿನ ಕೊಳವೆಯನ್ನು ಸರಿಮಾಡುವವನ ಹಾಗೆ ಬಗ್ಗಿದ. ಅವಳು ಚೀಲವನ್ನು ಕೆಳಗಿಟ್ಟು ನೆಲದ ಮೇಲೆಯೇ ಕೂತಳು. ಬೇಸರ ಮಾಡಿಕೊಳ್ಳುತ್ತಾಳೆ, ಛೇ ಎನ್ನುತ್ತಾಳೆ ಎಂದು ಅವನು ಕಾದಿದ್ದ. ಅವಳ ಮುಖದಲ್ಲಿ ಬೇಸರವಿರಲಿಲ್ಲ. ಕಣ್ಣು ಸಣ್ಣಗಾಗಿ, ಹುಬ್ಬಿನ ನಡುವೆ ಒಂದು ಗೆರೆ ಎದ್ದಿತ್ತು. ‘ಹಾಗಾದ್ರೆ ನಾನು ಅಂದ್ಕೊಂಡಿದ್ದು ಸರಿ ಇಲ್ಲ’ ಎಂದಳು. ‘ಅಥವಾ ಪೂರ್ತಿ ಸರಿ ಇಲ್ಲ. ಈ ಗಂಡು ಬಾಕಿಯವಕ್ಕಿಂತ ದೊಡ್ಡದು. ಅದಕ್ಕಿರಬಹುದಾ? ಇಲ್ಲ, ನಾಲ್ಕನೇ ಜೋಡೀದು ಇದಕ್ಕಿಂತ ದೊಡ್ಡದಿತ್ತು, ಅದು ಬೇಗ ಬಿಡ್ತು.’ 

ಚೀಲದಿಂದ ಕೈಬರಹದ ಹಾಳೆಗಳನ್ನು ತೆಗೆದು, ಕೊನೆಯ ಅಧ್ಯಾಯದ ಮೊದಲ ಪುಟದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದಳು. ಎಂಟು ತಿಂಗಳು ಬರೆದ ಅಧ್ಯಾಯ ಅದು. ಅವನು ನೋಡುತ್ತ ನಿಂತ. ನಾಲ್ಕು ವರ್ಷದ ದುಡಿಮೆ ಬೇರೆ ಕಡೆ ತಿರುಗಿದರೂ, ನೋಟ್‌ಬುಕ್ಕಿನಲ್ಲಿ ಇರುವುದು ಇದು ಎಂದು ಇವಳು ಅದರ ಹಿಂದೆ ಹೊರಡುತ್ತಿದ್ದಾಳೆ. ಎಂಜಿನಿಯರು ಬೆರಳಿಟ್ಟು ತೋರಿಸಬೇಕಾದದ್ದು ಇವಳನ್ನು. ಅವನಿಗೆ ಹೆಮ್ಮೆಯಾಯಿತು, ಆದರೆ ಆ ಹೆಮ್ಮೆಗೆ ನಿಂತುಕೊಳ್ಳಲು ತನ್ನೊಳಗೆ ಜಾಗವಿಲ್ಲವೆಂದು ಅನ್ನಿಸಿತು. ಅವಳು ಫೋನು ತೆಗೆದು ಹಿತ್ತಲ ಕಡೆ ಹೊರಟಳು. ‘ಮೇಡಂಗೆ ಹೇಳಿಬಿಡ್ತೀನಿ. ಅರ್ಜಿಯಲ್ಲಿ ಹಳೇ ತೀರ್ಮಾನವೇ ಬರೆದಿದೀವಿ.’

‘ಫೋನ್ ಮಾಡ್ಬೇಡ’ ಎಂದ.

ಅವಳು ನಿಂತಳು.

‘ಅವನು ಹನ್ನೆರಡು ನಲವತ್ತಕ್ಕೇ ಬಿಟ್ಟಿದ್ದ. ನಾನು ಹಿಡಿದಿದೆ ಅಂತ ಬರ್ಕೊಂಡು ಹೋದೆ.’

ಅವಳು ಬೈದಿದ್ದರೆ ಅವನಿಗೆ ಒಂದು ದಾರಿಯಾಗುತ್ತಿತ್ತು. ಅವಳು ಟಬ್ಬನ್ನು ನೋಡಿದಳು, ನೋಟ್‌ಬುಕ್ಕನ್ನು ನೋಡಿದಳು.

‘ಯಾಕೆ?’

‘ಬಿಟ್ಟು ಹೋಗಿ ಮೀನು ತಿಂತಿದ್ದ.’

‘ತಿನ್ಲಿ. ನಿಮಗೇನಾಯ್ತು ಅದರಲ್ಲಿ?’

‘ಸ್ಕೇಲಲ್ಲಿ ಒಂದು ಸಲ ತಳ್ಳಿದೆ. ಅದನ್ನೂ ಹೇಳ್ಬೇಕು’ ಎಂದ. ಆಮೇಲೆ ಅವಸರವಾಗಿ, ‘ಈಗ ಸರಿ ಮಾಡಿ ಬರಿ. ಅವ್ವ ಫೋನ್ ಮಾಡಿದ್ಲು, ಒಂದು ಐದು ನಿಮಿಷ ಹಿತ್ತಲಲ್ಲಿದ್ದೆ, ಅಷ್ಟರೊಳಗೆ ಬಿಟ್ಟಿದಾನೆ. ಹನ್ನೆರಡು ನಲವತ್ತು. ಇದು ನಿಜ. ನಿನ್ನ ಲೆಕ್ಕಕ್ಕೂ ಸರಿಹೋಗುತ್ತೆ, ಒಂದು ಗಂಟೆ ಐವತ್ತು ನಿಮಿಷ. ಆರಕ್ಕಾರೂ ಆಗುತ್ತೆ.’

‘ಸರಿಹೋಗುತ್ತೆ ಅನ್ನೋದಕ್ಕೇ ಬರೆಯೋಕಾಗಲ್ಲ.’

‘ನಾನು ಈಗ್ಲೂ ಸುಳ್ಳು ಹೇಳ್ತೀನಾ ಬಿಂದು?’

‘ನನಗೆ ಹ್ಯಾಗೆ ಗೊತ್ತಾಗ್ಬೇಕು?’ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಥರ್ಮಾಮೀಟರು ಕೆಟ್ಟಿದೆಯಾ ಎಂದು ಕೇಳುವ ಹಾಗೆ ಕೇಳಿದ್ದಳು. ‘ಸಂಜೆ ಆರಕ್ಕೆ ನೀವು ನಿಜ ಹೇಳ್ತಿದೀರಿ ಅಂತ ನಾನು ನಂಬಬಹುದು. ನಂಬ್ತೀನಿ. ಅದು ಮನೆ ವಿಷಯ. ಪುಸ್ತಕದಲ್ಲಿ ಒಂದು ಥರ ಇದೆ, ನೀವು ಹೇಳೋದು ಇನ್ನೊಂದು ಥರ, ನೋಡಿದವರು ಒಬ್ಬರೇ. ಮುಗೀತು.’

ಅವಳು ನೆಲದ ಮೇಲೆ ಕೂತು ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡಳು. ಒಂದೊಂದು ಸಾಲನ್ನೂ ಹೊಡೆಯಲಿಲ್ಲ. ಪುಟದ ಈ ಮೂಲೆಯಿಂದ ಆ ಮೂಲೆಗೆ ಒಂದೇ ಗೆರೆ ಎಳೆದು, ಕೆಳಗೆ ಬರೆದಳು: ‘ಹದಿಮೂರನೇ ಜೋಡಿ ಕೈಬಿಡಲಾಗಿದೆ. ಕಾರಣ: ವೀಕ್ಷಕನ ತಪ್ಪು.’ ನೋಟ್‌ಬುಕ್ಕನ್ನೂ ಪೆನ್ನನ್ನೂ ಅವನ ಕಡೆ ಚಾಚಿದಳು. ‘ಸಹಿ ಹಾಕಿ. ಪ್ರಬಂಧದ ಅನುಬಂಧದಲ್ಲಿ ಈ ಪುಟ ಹೋಗುತ್ತೆ.’

ಅವನು ಸಹಿ ಹಾಕಿ, ಕೆಳಗೆ ಆವರಣ ಚಿಹ್ನೆಯೊಳಗೆ ಪೂರ್ತಿ ಹೆಸರು ಬರೆದು, ಅಭ್ಯಾಸದಂತೆ ಅದರ ಕೆಳಗೆ ‘ಗೇಜ್’ ಎಂದು ಶುರುಮಾಡಿದ್ದ.

‘ಹುದ್ದೆ ಬೇಡ’ ಎಂದಳು. ‘ಅದನ್ನ ಯಾಕೆ ಇದಕ್ಕೆ ತರ್ತೀರಿ.’

ಅವನು ಎರಡಕ್ಷರಕ್ಕೆ ನಿಲ್ಲಿಸಿದ. ಹದಿನಾಲ್ಕು ವರ್ಷದ ರಿಜಿಸ್ಟರುಗಳನ್ನು ಅವಳು ಒಂದು ಮಾತಿನಲ್ಲಿ ಈ ಪುಟದಿಂದ ಆಚೆ ಇಟ್ಟಿದ್ದಳು. ಉಳಿಸಿದಳೋ, ಕಿತ್ತುಕೊಂಡಳೋ ಅವನಿಗೆ ತಿಳಿಯಲಿಲ್ಲ. ‘ಗೇಜ್’ ಎಂಬುದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಸಣ್ಣ ಸಹಿ ಹಾಕಿದ.

‘ನಾಳಿದ್ದು ಕಡಲಿಗೆ ಹೋಗ್ತೀನಿ. ಇನ್ನೊಂದು ಜೋಡಿ ಬೇಕು, ಇನ್ನು ಸೀಸನ್ ಹೆಚ್ಚು ದಿನ ಇಲ್ಲ’ ಎಂದಳು. ಪೆನ್ನು ವಾಪಸು ತೆಗೆದುಕೊಳ್ಳುತ್ತ ಅದೇ ದನಿಯಲ್ಲಿ, ‘ನೀವು ರಜ ಹಾಕಬೇಡಿ.’

‘ಒಬ್ಳೇನಾ’ ಎಂಬ ಮಾತು ಅವನ ಬಾಯಿಯವರೆಗೆ ಬಂತು. ಆ ಮಾತು ಯಾರದೆಂದು ಗೊತ್ತಿದ್ದರಿಂದ ನುಂಗಿದ. ‘ಆಗ್ಲಿ’ ಎಂದ. ಅವಳು ತಲೆಯೆತ್ತಿ ಅವನನ್ನು ಒಂದು ಕ್ಷಣ ನೋಡಿದಳು, ನೀರಿನಲ್ಲಿ ಏನೋ ಚಲಿಸಿತೇ ಎಂದು ನೋಡುವಂತೆ. ಆಮೇಲೆ ಸೆರಗು ಸಿಕ್ಕಿಸಿಕೊಂಡು ಎದ್ದಳು.

‘ಹೆಣ್ಣಿನ ಅಳತೆ ತಗೋಬೇಕು. ಚಿಪ್ಪು ಕಳಚಿದ ಮೇಲೆ ಎಷ್ಟು ದೊಡ್ಡದಾಯ್ತು ಅನ್ನೋದು ಬೇರೆ ಪಟ್ಟಿ, ಅದಕ್ಕೇನೂ ಆಗಿಲ್ಲ. ಬನ್ನಿ.’

ಅವಳು ಹೆಂಚನ್ನು ಎತ್ತಿದಳು. ಎರಡೂ ಅಂಗೈ ಸೇರಿಸಿ ಹೆಣ್ಣನ್ನು ನೀರಿನೊಟ್ಟಿಗೆ ತೆಗೆದು, ಒದ್ದೆ ಬಟ್ಟೆಯ ಮೇಲಿಟ್ಟಳು. ಮೈ ಈಗ ಬೆಣ್ಣೆಯಂತಿರಲಿಲ್ಲ, ಒದ್ದೆ ಚರ್ಮದಂತಿತ್ತು. ಅವನು ಕ್ಯಾಲಿಪರಿನ ಎರಡು ತುದಿಗಳನ್ನು ಬೆನ್ನಿನ ಅಗಲಕ್ಕೆ ಒತ್ತದೆ ತಾಗಿಸಿ, ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದು ಓದಿದ. ‘ನಲವತ್ತೇಳು ಪಾಯಿಂಟ್ ಎರಡು.’

ಪೆನ್ನು ಚಲಿಸುವ ಸದ್ದು ಕೇಳಲಿಲ್ಲ. ಅವಳು ಅವನ ಕೈಯಿಂದ ಕ್ಯಾಲಿಪರು ತೆಗೆದುಕೊಂಡಳು. ಇಷ್ಟು ವರ್ಷದಲ್ಲಿ ಅವನು ಓದಿದ್ದನ್ನು ಇನ್ನೊಬ್ಬರು ಇನ್ನೊಮ್ಮೆ ಓದಿದ್ದಿಲ್ಲ. ಅವನ ಕಿವಿ ಬಿಸಿಯಾಯಿತು. ಅವಳು ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದು, ಗೆರೆಯನ್ನು ಕಣ್ಣಿನ ಮಟ್ಟಕ್ಕೆ ತಂದು, ಅವಸರ ಮಾಡದೆ ನೋಡುತ್ತಿದ್ದಳು. ಹಾಗೆಯೇ ನೋಡಬೇಕು, ಎಂದುಕೊಂಡ. ಎಷ್ಟು ಚೆನ್ನಾಗಿ ನೋಡುತ್ತಾಳೆ.

‘ನಲವತ್ತೇಳು ಪಾಯಿಂಟ್ ಎರಡು’ ಎಂದು ತನಗೆ ತಾನೇ ಹೇಳಿಕೊಂಡು ಬರೆದಳು. ‘ಮೂರು ಸಲ ಬೇಕು. ಇನ್ನೊಮ್ಮೆ ಓದಿ.’

ಅವನು ಎರಡನೇ ಸಲ ಓದಿದ. ಅವಳು ಎರಡನೇ ಸಲವೂ ನೋಡಿದಳು.